ಅಣ್ಣನ ಆಂಪ್ಲಿಫೈಯರಿನ ಹೊಟ್ಟೆ

ಭಾನುವಾರ ಅತ್ತೆಯ ಮನೆಗೆ ಹೋದ ಅಳಿಯನಿಗೆ ಭರ್ಜರಿ ಉಪಚಾರ ಸಿಗುತ್ತದೆ ಅನ್ನುವ ಮಾತು ಬೇರೆಯವರ ಮನೆಗಳಲ್ಲಿ ನಿಜವಿರಬಹುದು. ಈ ಅಳಿಯನಿಗೆ ಸಿಗುತ್ತಿದ್ದದ್ದು ಕೆಲಸ. ಅವನದು ಕನ್ನಡಕದ ಅಂಗಡಿ, ವಾರಕ್ಕೆ ಒಂದೇ ರಜೆ. ಆ ರಜೆ ಅತ್ತೆಯ ಪಾಲು. ಸ್ಕೂಟರ್ ಓಡಿಸುವುದು, ಹೇಳಿದ್ದಕ್ಕೆಲ್ಲ ಹ್ಞೂಂಗುಟ್ಟುವುದು, ಆಮೇಲೆ ಹೆಂಡತಿಗೆ ನಡೆದದ್ದನ್ನೆಲ್ಲ ವರದಿ ಒಪ್ಪಿಸುವುದು ಅವನ ಕರ್ತವ್ಯ. ಗೊಣಗುತ್ತಿದ್ದ ನಿಜ, ಆದರೆ ಒಂದು ಭಾನುವಾರ ಯಾರೂ ಬಾಗಿಲು ತಟ್ಟದಿದ್ದರೆ ಅವನಿಗೇ ಕೈಕಾಲು ಆಡುತ್ತಿರಲಿಲ್ಲ.

ಅತ್ತೆಯಾದರೂ ಸಾಮಾನ್ಯದ ಹೆಂಗಸಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನ ಕರೆಗಳನ್ನು ಜೋಡಿಸಿಕೊಡುತ್ತಲೇ ತಲೆ ನರೆಸಿಕೊಂಡವರು. ಯಾರ ದನಿಯಲ್ಲಿ ಸುಳ್ಳಿದೆ, ಯಾರ ದನಿಯಲ್ಲಿ ನುಂಗಿಕೊಂಡ ಅಳುವಿದೆ ಎಂದು ಒಂದು 'ಹಲೋ' ಕೇಳಿದರೆ ಹೇಳಬಲ್ಲವರು. ನಿವೃತ್ತಿಯಾದದ್ದು ಅವರು, ಅವರ ಕಿವಿಯಲ್ಲ. ಕಳೆದದ್ದು, ಕದ್ದದ್ದು, ಮುಚ್ಚಿಟ್ಟದ್ದು ಎಲ್ಲವೂ ಅವರ ಬಾಗಿಲಿಗೇ ಬರುತ್ತಿತ್ತು.

ಆ ಭಾನುವಾರ ಬಂದದ್ದು ಗಿಟಾರ್ ಶಾಲೆಯ ಹುಡುಗಿ. ಮಕ್ಕಳಿಗೆ ಮೊದಲ ಪಾಠ ಹೇಳಿಕೊಡುತ್ತಿದ್ದಳು, ಎಲ್ಲರೂ ಅವಳನ್ನು ಸಣ್ಣ ಟೀಚರ್ ಅನ್ನುತ್ತಿದ್ದರು. ಮುಖ ಬಿಳಿಚಿತ್ತು, ಕಣ್ಣು ಮಾತ್ರ ಒಣಗಿಯೇ ಇತ್ತು. ಅವಳು ಹೇಳಿದ್ದು ಇಷ್ಟು.

ಶಾಲೆ ನಡೆಸುವ ಮೇಷ್ಟ್ರ ಹತ್ತಿರ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದಿತ್ತು. ತೀರಿಹೋದ ಅವರ ಅಣ್ಣ ನುಡಿಸುತ್ತಿದ್ದದ್ದು. ಒಳಗೆ ಗಾಜಿನ ವಾಲ್ವುಗಳು ಕೆಂಪಗೆ ಕಾದು, ಆಮೇಲೆ ಶಬ್ದ ಹೊರಡುವ ಜಾತಿಯದು. ಮೇಷ್ಟ್ರಿಗೆ ಅದೇ ದೇವರು. ಈ ಬೆಳಗ್ಗೆ ಧೂಳು ಹೊಡೆಯೋಣವೆಂದು ಹಿಂದಿನ ಹಲಗೆ ಬಿಚ್ಚಿ ನೋಡಿದರೆ ವಾಲ್ವೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ. ಅವುಗಳ ಜಾಗದಲ್ಲಿ ಅಂಗೈಯಗಲದ ಒಂದು ಟ್ರಾನ್ಸಿಸ್ಟರ್ ಬೋರ್ಡು ಕೂತಿದೆ. ನಿನ್ನೆ ಸಂಜೆ ನುಡಿಸಿದಾಗ ಅಣ್ಣನ ಶಬ್ದವೇ ಬಂದಿತ್ತು, ಆದ್ದರಿಂದ ಕಳುವಾದದ್ದು ರಾತ್ರಿ ಎಂದು ಮೇಷ್ಟ್ರು ತೀರ್ಮಾನಿಸಿದರು. ನಿನ್ನೆ ಕೊನೆಗೆ ಬೀಗ ಹಾಕಿದವಳು ಸಣ್ಣ ಟೀಚರ್. ಸಾಲದ್ದಕ್ಕೆ ಒಳಗಿದ್ದ ಬೋರ್ಡು ಅವಳ ಸ್ವಂತ ಆಂಪ್ಲಿಫೈಯರಿನಲ್ಲಿರುವ ಕಂಪನಿಯದೇ.

"ಊರಿನ ದೊಡ್ಡ ಸಂಗೀತ ಶಾಲೇಲಿ ಮುಂದಿನ ತಿಂಗಳಿಂದ ನನಗೆ ಕೆಲಸ ಗೊತ್ತಾಗಿತ್ತಮ್ಮ. ಸರ್ ಬೆಳಗ್ಗೆನೇ ಅವರಿಗೆ ಫೋನ್ ಮಾಡಿ, ಇವಳು ಕಳ್ಳಿ ಅಂದುಬಿಟ್ರು. ಅವರು ಬರೋದು ಬೇಡ ಅಂದ್ರು. ಇನ್ನು ಈ ಊರಲ್ಲಿ ನನ್ನ ಕೈಗೆ ಯಾರು ಗಿಟಾರ್ ಕೊಡ್ತಾರೆ?"

ನನ್ನ ಹತ್ತಿರ ಯಾರು ಕಳಿಸಿದರು ಎಂದು ಅತ್ತೆ ಕೇಳಿದರು. ಮೇಷ್ಟ್ರ ಹೆಂಡತಿ, ಶಾಲೆಯವರೆಲ್ಲ ಅಕ್ಕ ಎಂದು ಕರೆಯುವವರು, ಮೆಟ್ಟಿಲ ಹತ್ತಿರ ಕೈ ಹಿಡಿದು ನಿಲ್ಲಿಸಿ ವಿಳಾಸ ಹೇಳಿದರಂತೆ. ಅತ್ತೆ "ಹೌದಾ" ಅಂದು ಚಪ್ಪಲಿ ಮೆಟ್ಟಿದರು. ಅಳಿಯ ಸ್ಕೂಟರಿನ ಕೀ ಹುಡುಕಿದ.

ಶಾಲೆ ಟಯರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು, ಮೇಷ್ಟ್ರ ಮನೆ ಕೆಳಗೆ ಅಂಗಡಿಯ ಹಿಂಭಾಗದಲ್ಲಿ. ಗೋಡೆಯ ಮೇಲೆ ಸಾಲಾಗಿ ಗಿಟಾರುಗಳು, ಒಂದೊಂದಕ್ಕೂ ನೀಲಿ ಕ್ಯಾನ್ವಾಸಿನ ಗವಸು. ಎರಡೆರಡು ಸಾಲು ಒತ್ತಾಗಿ ಹೊಲಿದು, ತುದಿಯಲ್ಲಿ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದ ಅಚ್ಚುಕಟ್ಟಾದ ಹೊಲಿಗೆ. ಮೇಷ್ಟ್ರು ಕೂರುವ ಸ್ಟೂಲಿನ ಕೆಳಗೆ ದಪ್ಪನೆಯ ರಬ್ಬರ್ ಹಾಸು, ಇನ್ನೂ ಹೊಸದು. ಎದುರಿಗೆ ಆ ಆಂಪ್ಲಿಫೈಯರ್ ಬೆನ್ನು ತೋರಿಸಿಕೊಂಡು ಕೂತಿತ್ತು.

ಮೇಷ್ಟ್ರು ಕೂಗಾಡಿ ಕೂಗಾಡಿ ದನಿ ಒಡೆದುಕೊಂಡಿದ್ದರು. ಅಳಿಯನಿಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ; ಮನೆಯಲ್ಲಿ ಸಾವಾದವರ ಹಾಗಿದ್ದರು ಪಾಪ. ವಾಲ್ವಿನ ಶಬ್ದ ಅಂದರೆ ಬೆಚ್ಚಗಿನ ಶಬ್ದ, ಜೋರಾಗಿ ಮೀಟಿದರೆ ಮನುಷ್ಯನ ಹಾಗೆ ಕೊಂಚ ಬಾಗಿ ಗದ್ಗದವಾಗುತ್ತದೆ, ಟ್ರಾನ್ಸಿಸ್ಟರಿನದು ಆಸ್ಪತ್ರೆಯ ಗೋಡೆಯ ಹಾಗೆ ಶುಭ್ರ, ಅಷ್ಟೇ ಸಪ್ಪೆ ಎಂದು ಅತ್ತೆಗೆ ಒಂದು ಪಾಠವನ್ನೇ ಮಾಡಿದರು. ಸಣ್ಣ ಟೀಚರಿಗೆ ತಡೆಯಲಾಗಲಿಲ್ಲ. ತನ್ನ ಟ್ರಾನ್ಸಿಸ್ಟರ್ ಡಬ್ಬ ಬೆರಳು ಕೊಟ್ಟದ್ದನ್ನೇ ಕೊಡುತ್ತದೆ, ತಪ್ಪನ್ನು ಮುಚ್ಚಿಡುವುದಿಲ್ಲ, ಮಕ್ಕಳು ಕಲಿಯುವುದಕ್ಕೆ ಅದೇ ಒಳ್ಳೆಯದು, ಒಂದು ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದು, ಬಿದ್ದರೂ ಮೈ ಕೊಡವಿಕೊಂಡು ಎದ್ದು ಹಾಡುತ್ತದೆ ಎಂದಳು. ಕಳ್ಳಿ ಅನಿಸಿಕೊಂಡ ಹೊತ್ತಿನಲ್ಲೂ ತನ್ನ ಡಬ್ಬದ ಪರ ವಕಾಲತ್ತು ಮಾಡಿದ ಹುಡುಗಿ ಅಳಿಯನಿಗೆ ಹಿಡಿಸಿದಳು.

ಅಷ್ಟರಲ್ಲಿ ಅಕ್ಕ ಎಲ್ಲರಿಗೂ ಕಾಫಿ ತಂದರು. ಅಳಿಯ ಆತುರಪಟ್ಟು ನಾಲಿಗೆ ಸುಟ್ಟುಕೊಂಡ. ಮೇಷ್ಟ್ರು ತಮ್ಮ ಲೋಟವನ್ನು ಅಭ್ಯಾಸಬಲದಿಂದ ಆಂಪ್ಲಿಫೈಯರಿನ ತಲೆಯ ಮೇಲೆ ಇಟ್ಟು, ಮಾತು ಮುಗಿಸಿ ಒಂದು ಗುಟುಕು ಕುಡಿದು ಮುಖ ಕಿವಿಚಿದರು. ಇತ್ತೀಚೆಗೆ ಇವಳು ಕೊಡುವುದೇ ಆರಿದ ಕಾಫಿ, ಮೊದಲು ಪಾಠ ಮುಗಿಯುವ ತನಕ ಬಿಸಿ ಇರುತ್ತಿತ್ತು ಎಂದು ಗೊಣಗಿದರು. ಅಕ್ಕ ಲೋಟ ತೆಗೆದುಕೊಂಡು ಹೋದರು.

ಅಳಿಯ ಬಗ್ಗಿ ಆಂಪ್ಲಿಫೈಯರಿನ ಹೊಟ್ಟೆಯೊಳಗೆ ಇಣುಕಿದ. ಬೋರ್ಡಿನ ಪಕ್ಕದಲ್ಲಿ ಒಂದು ನೀಲಿ ಚೀಲ, ಒಳಗೆ ಮರಳು; ಎತ್ತಿದರೆ ಮೊದಲಿನ ಭಾರವೇ ಇರಲೆಂದು ಯಾರೋ ಕಟ್ಟಿಟ್ಟದ್ದು. ಹೊಲಿಗೆ ಚೆನ್ನಾಗಿದೆ ಎಂದು ಅವನು ಮೆಚ್ಚಿಕೊಂಡ. ಮೆಚ್ಚಿಕೊಂಡು ಸುಮ್ಮನಾದ, ಕನ್ನಡಕ ಮಾರುವವನಿಗೆಲ್ಲ ಕಣ್ಣು ಕಾಣಬೇಕೆಂಬ ನಿಯಮವೇನಿಲ್ಲವಲ್ಲ.

ಶಾಲೆಯ ಸಾಮಾನು ದುರಸ್ತಿ ಮಾಡುವ ರಿಪೇರಿಯವನನ್ನು ಅತ್ತೆ ಕರೆಸಿದರು. ಬೋರ್ಡನ್ನು ಕೂಡಿಸಿದ ಕೆಲಸ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಅಂದ. ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದರೆ, ಒಳ್ಳೆ ಬೆಳಕು, ಮೇಜು, ಅರ್ಧ ದಿನ ಬೇಕು ಅಂದ. ಯಾರು ಮಾಡಿರಬಹುದು ಎಂದಾಗ ಮಾತ್ರ ನೆಲ ನೋಡುತ್ತ, ಗೊತ್ತಿಲ್ಲಮ್ಮ ಅಂದ.

ಮೇಷ್ಟ್ರಿಗೆ ಪ್ರತಿ ಪಾಠವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ವಿದ್ಯಾರ್ಥಿಗಳಿಗೆ ಕಳಿಸುವ ರೂಢಿ. ಅತ್ತೆ ಹಳೆಯ ಪಾಠಗಳನ್ನು ಹಾಕಿಸಿ, ಕಣ್ಣು ಮುಚ್ಚಿ ಕೂತರು. ಎಲ್ಲದರಲ್ಲೂ ಒಂದೇ ಕ್ರಮ: ಸ್ವಿಚ್ಚು ಟಕ್ ಅನ್ನುತ್ತದೆ, ವಾಲ್ವು ಕಾಯುವ ತನಕ ಮೇಷ್ಟ್ರು ಅಣ್ಣನದೊಂದು ಕತೆ ಹೇಳುತ್ತಾರೆ, ಕತೆ ಮುಗಿದ ಮೇಲೆ ತಂತಿ ಮೀಟುತ್ತಾರೆ. ಹೋದ ತಿಂಗಳ ಒಂದು ಪಾಠದ ನಡುವೆ ಕರೆಂಟು ಹೋಯಿತು. ಮಕ್ಕಳ ಗಲಾಟೆ, ನಗು, ಮೇಷ್ಟ್ರು ಎರಡು ಕತೆ ಹೇಳಿ ಮುಗಿಸಿದರು. ಆಮೇಲೆ ಮಕ್ಕಳೆಲ್ಲ ಬಂತು ಬಂತು ಎಂದು ಕೂಗಿದರು; ಕೂಗಿನ ಜೊತೆಯಲ್ಲೇ, ಒರಗಿಸಿಟ್ಟಿದ್ದ ಗಿಟಾರು ಆಂಪ್ಲಿಫೈಯರಿನಲ್ಲಿ ಕೀಂಯ್ ಎಂದು ಕಿರುಚಿತು. ಅತ್ತೆ ಆ ತುಣುಕನ್ನು ಇನ್ನೊಮ್ಮೆ ಹಾಕಿಸಿದರು. ಅಳಿಯನಿಗೆ ಎರಡು ಸಲವೂ ಕಿವಿ ನೋವು ಬಂದದ್ದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಆಮೇಲೆ ಅವರು ಸಣ್ಣ ಟೀಚರನ್ನು ಬೀಗದ ಕೈ ಯಾವಾಗಿನಿಂದ ನಿನ್ನ ಹತ್ತಿರ ಇದೆ ಎಂದು ಕೇಳಿದರು. ಹೋದ ವಾರದಿಂದ, ಅಕ್ಕನಿಗೆ ಮಂಡಿ ನೋವು ಬಂದ ಮೇಲೆ, ಅಂದಳು. ಅದಕ್ಕೆ ಮುಂಚೆ ಶಾಲೆ ಯಾವಾಗಲಾದರೂ ಮುಚ್ಚಿತ್ತೇ ಎಂಬ ಪ್ರಶ್ನೆಗೆ, ಮಳೆಗಾಲದಲ್ಲಿ ಸರ್‌ಗೆ ಜ್ವರ ಬಂದು ಒಂದು ವಾರ ಮುಚ್ಚಿತ್ತು ಅಂದಳು. ಮೇಷ್ಟ್ರು ಕೆಮ್ಮಿದರು. ಅತ್ತೆಯ ಕಿವಿ ಆ ಕೆಮ್ಮನ್ನೂ ಬಿಡಲಿಲ್ಲ ಎಂದು ಅಳಿಯನಿಗೆ ಅವರ ಹುಬ್ಬು ನೋಡಿ ಗೊತ್ತಾಯಿತು.

ಸಂಜೆ ಅದೇ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು: ಮೇಷ್ಟ್ರು, ಅಕ್ಕ, ಸಣ್ಣ ಟೀಚರ್, ರಿಪೇರಿಯವನು. ಅಳಿಯ ಬಾಗಿಲ ಹತ್ತಿರ ನಿಂತ. ಯಾರಾದರೂ ಓಡಿದರೆ ಹಿಡಿಯಬೇಕಲ್ಲ. ಯಾರೂ ಓಡುವ ಹಾಗೆ ಕಾಣಲಿಲ್ಲ.

"ಮೇಷ್ಟ್ರೇ, ಕರೆಂಟು ಹೋಗಿ ಎರಡು ಕತೆ ಆಗೋಷ್ಟು ಹೊತ್ತಾದ ಮೇಲೆ ವಾಪಸ್ ಬಂದ್ರೆ, ವಾಲ್ವ್ ಆಂಪ್ಲಿಫೈಯರ್ ಏನು ಮಾಡತ್ತೆ?" ಎಂದು ಅತ್ತೆ ಶುರುಮಾಡಿದರು.

ಮತ್ತೆ ಕಾಯಬೇಕು, ಅಲ್ಲಿಯ ತನಕ ಉಸಿರೆತ್ತುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಹೇಳುತ್ತಿದ್ದ ಹಾಗೇ ಅವರ ದನಿ ಸಣ್ಣಗಾಯಿತು.

ಹೋದ ತಿಂಗಳು ಅದು ದೀಪದ ಜೊತೆಯಲ್ಲೇ ಕಿರುಚಿದೆ, ಎಂದು ಅತ್ತೆ ಬಿಡಿಸಿ ಹೇಳಿದರು. ಸ್ವಿಚ್ಚು ಹಾಕಿದ ಕೂಡಲೇ ಹಾಡುವುದು ಟ್ರಾನ್ಸಿಸ್ಟರ್ ಮಾತ್ರ. ಅಂದರೆ ಹೊಟ್ಟೆ ಬದಲಾದದ್ದು ನಿನ್ನೆ ರಾತ್ರಿಯಲ್ಲ, ಹೋದ ತಿಂಗಳಿಗೂ ಮುಂಚೆ. ದಿನಾ ಸ್ವಿಚ್ಚು ಹಾಕಿ ಕತೆ ಹೇಳುವ ರೂಢಿ ನಿಂತಿರಲಿಲ್ಲ. ಕಾಯುವ ಅಗತ್ಯವೇ ಹೋಗಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಕಾಫಿಯದೂ ಅದೇ ಕತೆ. ಅಕ್ಕ ಕೊಟ್ಟದ್ದು ಬಿಸಿ ಕಾಫಿಯೇ, ಬೇಕಿದ್ದರೆ ನಮ್ಮ ಅಳಿಯಂದಿರ ನಾಲಿಗೆ ನೋಡಿ. ಮೊದಲು ವಾಲ್ವಿನ ಕಾವಿಗೆ ಲೋಟ ಆರುತ್ತಿರಲಿಲ್ಲ, ಈಗ ಆ ಪೆಟ್ಟಿಗೆಯ ತಲೆ ತಣ್ಣಗಿದೆ. ಆಗ ಬೀಗದ ಕೈ ಈ ಹುಡುಗಿಯ ಹತ್ತಿರ ಇರಲೇ ಇಲ್ಲ. ಅರ್ಧ ದಿನ ಕೂತು ಮಾಡುವ ಕೆಲಸಕ್ಕೆ ಶಾಲೆ ಖಾಲಿ ಇರಬೇಕು. ಖಾಲಿ ಇದ್ದದ್ದು ಮೇಷ್ಟ್ರಿಗೆ ಜ್ವರ ಬಂದ ವಾರ ಮಾತ್ರ.

"ಜ್ವರ ಬಂದ್ರೆ ಯಾರೂ ರಬ್ಬರ್ ಹಾಸಲ್ಲ ಮೇಷ್ಟ್ರೇ. ನಿಮಗೆ ಹೊಡೆದದ್ದು ಕರೆಂಟು. ಹೌದೋ ಅಲ್ವೋ?"

ಮೇಷ್ಟ್ರು ತಲೆಯಾಡಿಸಿದರು. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿತ್ತು. ಎತ್ತಿ ಬಿಸಾಡಿದಂತಾಯಿತು. ಅಣ್ಣನ ಪೆಟ್ಟಿಗೆಗೆ ಕೆಟ್ಟ ಹೆಸರು ಬರಬಾರದೆಂದು ಜ್ವರ ಅಂದಿದ್ದರು.

ಅತ್ತೆ ಎದ್ದು ಮರಳಿನ ಚೀಲವನ್ನೂ ಗೋಡೆಯ ಮೇಲಿನ ಒಂದು ಗವಸನ್ನೂ ಪಕ್ಕಪಕ್ಕ ಇಟ್ಟರು. ಅದೇ ನೀಲಿ, ಅದೇ ಜೋಡಿ ಸಾಲು, ತುದಿಯಲ್ಲಿ ಅದೇ ಮೂರು ಸುತ್ತು. ಬೆಳಗ್ಗೆ ತಾನೇ ಮೆಚ್ಚಿಕೊಂಡಿದ್ದ ಹೊಲಿಗೆ. ಅಳಿಯನಿಗೆ ನೆಲದೊಳಗೆ ಇಳಿದುಹೋಗಬೇಕು ಅನಿಸಿತು.

"ಇದನ್ನೆಲ್ಲ ಮಾಡಿದವರೇ ಈ ಹುಡುಗೀನ ನನ್ನ ಹತ್ತಿರ ಕಳಿಸಿದ್ರು. ತಮ್ಮ ಬಾಯಿಂದ ಬರದ ಮಾತು ಬೇರೆ ಯಾರ ಬಾಯಿಂದಾದ್ರೂ ಬರಲಿ ಅಂತ. ಹೇಳಮ್ಮ, ಈಗಲಾದ್ರೂ ಹೇಳಿಬಿಡು," ಎಂದರು ಅತ್ತೆ, ಮೆತ್ತಗೆ.

ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದರು. ರಿಪೇರಿಯವನು ಎದ್ದು, ಅಕ್ಕನದೇನೂ ತಪ್ಪಿಲ್ಲ, ಕೈಕೆಲಸ ನನ್ನದು ಅಂದ. ಹಳೆಯ ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಕರೆಂಟು ಸೋರಿಸುತ್ತಿತ್ತು, ಅಂಥದ್ದು ಈಗ ಎಲ್ಲಿ ಹುಡುಕಿದರೂ ಸಿಗಲಿಲ್ಲ, ಇಟ್ಟುಕೊಂಡರೆ ಇನ್ನೊಮ್ಮೆ ಹೊಡೆಯುವುದು ಖಂಡಿತ ಎಂದು ಅವನೇ ಹೇಳಿದ್ದನಂತೆ. ತೆಗೆದ ವಾಲ್ವುಗಳು ಹತ್ತಿಯಲ್ಲಿ ಸುತ್ತಿ ಅಕ್ಕನ ಬೀರುವಿನಲ್ಲಿ ಭದ್ರವಾಗಿದ್ದವು.

"ನಾನು ಎಷ್ಟು ಸಲ ಹೇಳ್ದೆ, ಅದನ್ನ ಬಿಟ್ಟುಬಿಡಿ ಅಂತ," ಎಂದು ಅಕ್ಕ ಗಂಡನನ್ನು ನೋಡಿದರು. "ನನ್ನ ಹೆಣದ ಮೇಲೆ ಅಂದ್ರಿ. ಯಾರ ಹೆಣ ಬೀಳತ್ತೆ ಅನ್ನೋದು ನನಗಲ್ವಾ ಗೊತ್ತಿದ್ದದ್ದು? ನೀವು ಬಿದ್ದಾಗ ನೋಡಿದವಳು ನಾನು. ನನಗೆ ನೀವು ಬೇಕಿತ್ತು." ಆಮೇಲೆ ಸಣ್ಣ ಟೀಚರ ಕಡೆ ತಿರುಗಿದರು. "ನೀನು ಮಕ್ಕಳಿಗೆ ನುಡಿಸೋದನ್ನ ಕೆಳಗಿಂದ ಕೇಳ್ತಿದ್ದೆ ಕಣೇ. ನಿನ್ನ ಡಬ್ಬದ ಶಬ್ದ ನನಗೆ ಇಷ್ಟ. ಅದಕ್ಕೇ ಅದೇ ಕಂಪನಿದು ಹಾಕಿಸ್ದೆ. ಅದೇ ನಿನ್ನ ಕುತ್ತಿಗೆಗೆ ಬರತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಬೆಳಗ್ಗೆನೇ ಬಾಯಿ ಬಿಡಬೇಕಿತ್ತು. ಹೆದರಿಬಿಟ್ಟೆ. ಮತ್ತೆ ಹಳೇದನ್ನೇ ಕೂರಿಸಿಬಿಡ್ತಾರೆ ಅಂತ ಹೆದರಿದೆ."

ಅಳಿಯನಿಗೆ ಅಕ್ಕನ ಮೇಲೆ ಕರುಣೆ ಉಕ್ಕಿತು, ಹುಡುಗಿಯ ಮೇಲೂ ಉಕ್ಕಿತು. ಮೇಷ್ಟ್ರ ಮೇಲೆ ಉಕ್ಕಬೇಕೋ ಬೇಡವೋ ಎಂದು ಅವನು ಇನ್ನೂ ಲೆಕ್ಕ ಹಾಕುತ್ತಿದ್ದ.

ಮೇಷ್ಟ್ರು ಬಹಳ ಹೊತ್ತು ಆ ತೆರೆದ ಹೊಟ್ಟೆಯನ್ನೇ ನೋಡಿದರು. ಮಳೆಗಾಲದಿಂದ ನಿನ್ನೆಯವರೆಗೆ ಎಷ್ಟೋ ಮಕ್ಕಳಿಗೆ, ಕಿವಿಗೊಟ್ಟು ಕೇಳಿ, ಇದು ನಮ್ಮಣ್ಣನ ಶಬ್ದ, ಟ್ರಾನ್ಸಿಸ್ಟರಿಗೆ ಜನ್ಮದಲ್ಲಿ ಬರುವುದಿಲ್ಲ ಎಂದು ಹೇಳಿಕೊಟ್ಟ ಮನುಷ್ಯ. ಊರಿನಲ್ಲಿ ಅವರಿಗಿದ್ದ ಆಸ್ತಿಯೆಂದರೆ ಅವರ ಕಿವಿಯ ಹೆಸರು ಒಂದೇ. ಅದನ್ನು ಉಳಿಸಿಕೊಳ್ಳಲು ದಾರಿಯೂ ಇತ್ತು. ಏನೋ ತಪ್ಪು ತಿಳುವಳಿಕೆಯಾಯಿತು, ಸಾಮಾನು ಮನೆಯಲ್ಲೇ ಸಿಕ್ಕಿತು ಎಂದು ದೊಡ್ಡ ಶಾಲೆಗೆ ಹೇಳಿದರೆ ಮುಗಿಯುತ್ತಿತ್ತು. ಅತ್ತೆಯೂ ಅಷ್ಟನ್ನೇ ಕೇಳುವವರಿದ್ದರು.

ಮೇಷ್ಟ್ರು ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಬೆಳಗಿನ ಆ ನಂಬರಿಗೇ ಕರೆ ಮಾಡಿದರು. ಆ ಕಡೆಯಿಂದ ದೊಡ್ಡ ಶಾಲೆಯ ಮುಖ್ಯಸ್ಥರು, ಕಳ್ಳಿ ಒಪ್ಪಿಕೊಂಡಳಾ ಎಂದು ಕೇಳಿದರು.

"ಕಳ್ಳತನ ಆಗಿಲ್ಲ. ಆ ಹುಡುಗಿ ಚಿನ್ನದಂಥವಳು. ಬೆಳಗ್ಗೆ ನಾನಂದದ್ದೆಲ್ಲ ಸುಳ್ಳು," ಎಂದರು ಮೇಷ್ಟ್ರು.

ಹಾಗಿದ್ದರೆ ಒಳಗಿನ ಸಾಮಾನು ಹೋದದ್ದು ಎಲ್ಲಿಗೆ ಎಂದು ಆ ಕಡೆಯವರು ಬಿಡಲಿಲ್ಲ. ಅಕ್ಕ ಬೇಡ ಎಂಬಂತೆ ಕೈಯಾಡಿಸಿದರು.

"ಮಳೆಗಾಲದಿಂದ ಅದರೊಳಗೆ ಇದ್ದದ್ದು ಟ್ರಾನ್ಸಿಸ್ಟರೇ. ದಿನಾ ನುಡಿಸಿದೆ. ದಿನಾ ಅಣ್ಣನ ಶಬ್ದ ಅಂತ ಹೊಗಳಿದೆ." ಮೇಷ್ಟ್ರು ಫೋನನ್ನು ಬಾಯಿಗೆ ಹತ್ತಿರ ತಂದರು. "ನನಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ ಸ್ವಾಮಿ. ಬೇಕಾದ್ರೆ ಎಲ್ಲರಿಗೂ ಹೇಳಿ. ಆದ್ರೆ ಅವಳಿಗೆ ಕೆಲಸ ಕೊಡಿ."

ಆ ಕಡೆಯಿಂದ, ಸರಿ, ಮೊದಲು ಹೇಳಿದ ದಿನವೇ ಬರಲಿ ಎಂಬ ಮಾತು ಬಂತು. ಬೆಳಗ್ಗೆಯಿಂದ ಕಣ್ಣು ಒಣಗಿಸಿಕೊಂಡೇ ಇದ್ದ ಸಣ್ಣ ಟೀಚರ್ ಆಗ ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.