ಕುಂಚಿಗೆಯೊಳಗಿನ ಕಾಲು

“ಈ ಕುಂಚಿಗಿ ಯಾರು ಸುತ್ತಿದ್ರಿ?”

ನರ್ಸ್ ವಿಜಯಶ್ರೀಯ ದನಿ ಜೋರಾಗಿರಲಿಲ್ಲ. ಆದರೂ ಗಾಜಿನ ಪೆಟ್ಟಿಗೆಯ ಪಕ್ಕ ಕೂತಿದ್ದ ಚನ್ನವ್ವ ಥಟ್ಟನೆ ಎದ್ದು ನಿಂತಳು. ಪೆಟ್ಟಿಗೆಯೊಳಗೆ ಅವಳ ಮೊಮ್ಮಗಳು ಮಲಗಿದ್ದಳು; ಏಳನೆಯ ತಿಂಗಳಿಗೇ ಹುಟ್ಟಿದ, ಒಂದು ಕಿಲೋ ಕೂಡ ತೂಗದ ಕೂಸು. ಅದರ ಹೊಕ್ಕುಳಿನ ಮೂಲಕ ಶಾವಿಗೆ ಎಳೆಯಷ್ಟು ತೆಳುವಾದ ಕೊಳವೆಯೊಂದನ್ನು ರಕ್ತನಾಳದೊಳಗೆ ಇಳಿಸಿದ್ದರು. ರಕ್ತದೊತ್ತಡ ನೋಡುವುದು, ಪರೀಕ್ಷೆಗೆ ರಕ್ತ ತೆಗೆಯುವುದು ಎಲ್ಲವೂ ಅದರಿಂದಲೇ. ಇಷ್ಟು ಸಣ್ಣ ಮೈಗೆ ಪದೇ ಪದೇ ಸೂಜಿ ಚುಚ್ಚುವಂತಿಲ್ಲ. ಆ ಕೊಳವೆ ಇರುವವರೆಗೆ ಎರಡೂ ಪಾದಗಳು ಸದಾ ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಅಲ್ಲಿಯ ನಿಯಮ.

“ನಾನ ಸುತ್ತೇನಿ. ಬಂದವರೆಲ್ಲಾ ಬರೇ ಕೂಸಿನ ಕಾಲ ನೋಡ್ತೀರಿ... ದೃಷ್ಟಿ ಆಗೂದಿಲ್ಲೇನು?”

ತಲೆಗೆ ಹೊದಿಸುವ ಕುಂಚಿಗೆ ಕಾಲಿಗೆ ಸುತ್ತಿತ್ತು; ವಿಜಯಶ್ರೀ ಅದನ್ನು ಬಿಡಿಸಿದಳು. ಎಡಪಾದ ಕೆಂಪಗಿತ್ತು. ಬಲಪಾದದ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು!

ಡಾಕ್ಟರ್ ವೃಂದಾ ಓಡಿಬಂದರು. ಬೆರಳೊಂದನ್ನು ಮೆಲ್ಲಗೆ ಒತ್ತಿ ಬಿಟ್ಟು, ಬಣ್ಣ ಮರಳುತ್ತದೆಯೇ ಎಂದು ಕಾದರು. ಮರಳಲಿಲ್ಲ. “ಕೊಳವಿ ಈಗಿಂದೀಗ ತಗೀಬೇಕು,” ಎಂದರು. ಸುದ್ದಿ ತಿಳಿದು ಬಾಗಿಲಿಗೆ ಬಂದ ಕೂಸಿನ ತಂದೆ ಸಿದ್ದಲಿಂಗನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. “ಬಟ್ಟಿಯಿಂದ ಹಿಂಗ ಆಗಿದ್ದಲ್ಲ. ಕೊಳವಿ ಇದ್ದಾಗ ಕೆಲವು ಸಲ ಕಾಲಿನ ನಾಳ ಬಿಗೀತದ, ಇಲ್ಲಾ ರಕ್ತ ಹೆಪ್ಪುಗಟ್ಟತದ. ಆದರ ಬಟ್ಟಿ ಇದ್ದದ್ದಕ್ಕ ನಮಗ ತಡಾ ಗೊತ್ತಾತು.”

“ಕಾಲು... ಉಳೀತೈತೇನ್ರಿ?”

“ಈಗ ಹೇಳಲಿಕ್ಕೆ ಬರೂದಿಲ್ಲ.”

ಸಿದ್ದಲಿಂಗ ತಾಯಿಯ ಕಡೆ ತಿರುಗಿದ. “ಯವ್ವಾ, ಇಕಿ ಅವ್ವನ ಕಾಲು ಬಾತಾಗೂ ಹಿಂಗ ಮಾಡಿದಿ!”

ಕನ್ನೊಳ್ಳಿಯ ಮನೆಯಲ್ಲಿ ಸೊಸೆ ಭಾಗ್ಯಜ್ಯೋತಿ, “ಕಾಲು ಬಾಳ ಬಾತಾವು, ಒಮ್ಮೆ ನೋಡ್ರಿ ಅತ್ತ್ಯಾರ,” ಎಂದಾಗ ಚನ್ನವ್ವ ತಲೆ ಎತ್ತಿರಲಿಲ್ಲ. “ಬಸರಿ ಹೆಂಗಸಿನ ಕಾಲು ಬಾಯೂದ. ಹಲಸಂಗಿಗೆ ಹೋಗಾಕ ಇದೊಂದು ನೆಪ! ಕುಬಸಾ ಆಗೂಮಟ ತವರಿನ ಹೆಸರ ತಗೀಬ್ಯಾಡ,” ಎಂದುಬಿಟ್ಟಿದ್ದಳು. ಸೀಮಂತಕ್ಕೆಂದು ತಂದ ಕುಬಸದ ಹಸಿರು ಸೀರೆ ಗಂಟಿನಲ್ಲೇ ಉಳಿಯಿತು. ತಲೆನೋವು, ಕಣ್ಣು ಮಂಜು, ಏರಿದ ರಕ್ತದೊತ್ತಡ... ವಿಜಯಪುರದ ಆಸ್ಪತ್ರೆಗೆ ಕರೆತಂದ ದಿನವೇ ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬೇಕಾಯಿತು. ಭಾಗ್ಯಜ್ಯೋತಿ ಮೇಲಿನ ವಾರ್ಡಿನಲ್ಲಿದ್ದಳು. ಮಗಳ ಮುಖ ಇನ್ನೂ ನೋಡಿರಲಿಲ್ಲ.

ಕೊಳವೆ ತೆಗೆದಾಯಿತು. ವಿಜಯಶ್ರೀ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಹಿಂಡಿ ಎಡಪಾದಕ್ಕೆ ಸುತ್ತತೊಡಗಿದಳು.

“ಅಯ್ಯ, ಆ ಕಾಲಲ್ಲವಾ! ಕೆಟ್ಟಿದ್ದು ಈ ಕಾಲು!” ಎಂದು ಚನ್ನವ್ವ ಕೂಗಿದಳು.

“ಗೊತ್ತದರೀ, ಅಮ್ಮಾ,” ಎಂದರು ವೃಂದಾ. “ರಕ್ತ ಸಿಗದ ಕಾಲಿಗೆ ಶಾಖಾ ಕೊಟ್ರ ಚರ್ಮ ಸುಡತದ. ಛಲೋ ಇದ್ದ ಕಾಲು ಬೆಚ್ಚಗಾತಂದ್ರ ಅದರ ಜೋಡಿ ಕಾಲಿನ ನಾಳಾನೂ ಸಡಲ ಆಗತಾವ.”

ಚನ್ನವ್ವ ಪೆಟ್ಟಿಗೆಯ ಹತ್ತಿರ ಸರಿದು ಕೇಳಿದಳು. “ಆ ಬಟ್ಟಿ ನಾ ಹಿಡೀಲ್ಯಾ?”

“ಮತ್ತ ನಿಮ್ಮ ಕೈಯಾಗ ಕೊಡಬೇಕೇನು?” ವಿಜಯಶ್ರೀ ಚುಚ್ಚಿದಳು.

“ಕೊಡು, ನೀ ಬಾಜೂಕ ನಿಂತು ನೋಡು,” ಎಂದರು ವೃಂದಾ. “ಕೈ ತೊಳಕೊಂಡು ಬರಲಿ.”

ಚನ್ನವ್ವ ಮೊಣಕೈವರೆಗೆ ತಿಕ್ಕಿ ತೊಳೆದು ಬಂದಳು. ಹೊಲದಲ್ಲಿ ಕಳೆ ಕಿತ್ತು ಒರಟಾದ ಎರಡು ಬೆರಳುಗಳ ನಡುವೆ ಆ ಪುಟ್ಟ ಎಡಪಾದ. ಬಟ್ಟೆ ಆರಿದಾಗ ವಿಜಯಶ್ರೀ ಬೇರೆಯದನ್ನು ಕೊಡುತ್ತಿದ್ದಳು. ಚನ್ನವ್ವನ ಕಣ್ಣು ಮಾತ್ರ ಬಲಪಾದ ಬಿಟ್ಟು ಕದಲಲಿಲ್ಲ. ಸಂಜೆಯ ಹೊತ್ತಿಗೆ ಹೆಬ್ಬೆರಳಿಗೆ ಕೆಂಪು ಬಂತು. ಆಮೇಲೆ ಅದರ ಪಕ್ಕದ ಮೂರಕ್ಕೂ. ಕಿರುಬೆರಳು ಮಾತ್ರ ಕಪ್ಪಾಗಿಯೇ ಉಳಿಯಿತು.

ಕೆಲವು ದಿನಗಳ ನಂತರ ಭಾಗ್ಯಜ್ಯೋತಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಅವಳು ಕೂಸನ್ನು ಕಣ್ತುಂಬ ನೋಡಿದಳು. “ಆ ಬೆರಳು ಯಾಕ ಹಂಗೈತಿ?”

ಸಿದ್ದಲಿಂಗ ಏನೋ ಹೇಳಹೊರಟ. ಚನ್ನವ್ವ ತಡೆದಳು. “ನಾ ಹೇಳ್ತೇನಿ.” ಏನನ್ನೂ ಬಿಡದೆ ಹೇಳಿದಳು.

ಭಾಗ್ಯಜ್ಯೋತಿ ಅತ್ತೆಯ ಕಡೆ ತಿರುಗಿದಳು. “ನನ್ನ ಕಾಲು ನೋಡ್ರಿ ಅಂದ್ನಿ, ನೀವು ನೋಡಲಿಲ್ಲ. ಇಕಿ ಕಾಲು... ನೋಡವರಿಗೂ ಕಾಣದಂಗ ಮುಚ್ಚಿದ್ರಿ!” ಆಮೇಲೆ ಅತ್ತೆಯೊಂದಿಗೆ ಮಾತೇ ಆಡಲಿಲ್ಲ.

ಕಿರುಬೆರಳಿನ ತುದಿ ಒಣಗಿ ತಾನಾಗಿ ಉದುರಿತು. ಕತ್ತರಿ ಬೇಕಾಗಲಿಲ್ಲ. ಕೂಸು ಹಾಲು ಕುಡಿಯಲು ಕಲಿತು, ತೂಕ ಹಿಡಿದು, ಗಾಜಿನ ಪೆಟ್ಟಿಗೆಯಿಂದ ತಾಯಿಯ ಎದೆಗೆ ಬಂತು. ನಡೆಯಲು ತೊಂದರೆ ಇರದು ಎಂದರು ವೃಂದಾ.

ಬಿಡುಗಡೆಯ ದಿನ ತವರೂರು ಹಲಸಂಗಿಯಿಂದ ಜೀಪು ಬಂದಿತ್ತು. ಭಾಗ್ಯಜ್ಯೋತಿ ಕೂಸನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಕನ್ನೊಳ್ಳಿಗೆ ಯಾವಾಗ ಬರುತ್ತಾಳೆಂದು ಸಿದ್ದಲಿಂಗನೂ ಕೇಳಿರಲಿಲ್ಲ. ಚನ್ನವ್ವ ಅವಳ ಎದುರು ಬಂದು, ಮೊಣಕಾಲೂರಿ ನೆಲಕ್ಕೆ ಕೂತಳು. ಸೊಸೆಯ ಸೀರೆಯ ಅಂಚನ್ನು ತುಸು ಸರಿಸಿ, ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಿಟ್ಟು, ಬಾಗಿ ನೋಡಿದಳು. ಕುಳಿ ಬೀಳಲಿಲ್ಲ.

“ಬಾವು ಇಳದೈತಿ.”

ಭಾಗ್ಯಜ್ಯೋತಿ ಬೆಚ್ಚಿಬಿದ್ದಳು. ಸೊಸೆಯ ಕಾಲಿಗೆ ಅತ್ತೆಯ ಕೈ! “ಏಳ್ರಿ ಅತ್ತ್ಯಾರ... ಮಂದಿ ನೋಡಾಕತ್ತಾರ.”

“ನೋಡಲಿ,” ಎಂದು ಚನ್ನವ್ವ ಇನ್ನೊಂದು ಕಾಲಿನ ಮೇಲಿದ್ದ ಸೀರೆಯಂಚನ್ನೂ ಸರಿಸಿದಳು.