ರಬ್ಬರ್ ತೋಟದಲ್ಲಿ ಮೂರು ಫ್ಲ್ಯಾಶ್

"ಇವಳು ನನಗೆ ತಂಗಿಯ ಹಾಗೆ."

ಸುಳ್ಯದ ತನ್ನ ಸ್ಟುಡಿಯೋದಲ್ಲಿ, ಐವರ್ನಾಡಿನಿಂದ ಮದುವೆ ಆಲ್ಬಮ್ ನೋಡಲು ಬಂದಿದ್ದ ಹೆಂಗಸಿಗೆ ಭವಿತ್ ಹಾಗೆಂದಾಗ, ಪಕ್ಕದಲ್ಲಿ ಕೂತು ಪುಟ ತಿರುವುತ್ತಿದ್ದ ಮೋಕ್ಷಿತಾಳ ಕೈ ಅಲ್ಲೇ ನಿಂತುಬಿಟ್ಟಿತು.

ತಂಗಿ! ಗುತ್ತಿಗಾರಿನ ಮೆಡಿಕಲ್‌ನಲ್ಲಿ ಕೆಲಸ ಮುಗಿಸಿ, ಪ್ರತಿ ಶನಿವಾರ ಬಸ್ಸಿನಲ್ಲಿ ನೇತಾಡಿಕೊಂಡು ಅವಳು ಬರುತ್ತಿದ್ದದ್ದು ಅಣ್ಣನನ್ನು ನೋಡಲಿಕ್ಕಾ? ಒಂದೇ ಊರಿನವನು, ಶಾಲೆಯಲ್ಲಿ ಒಂದೇ ಬೆಂಚಿನ ಗೆಳೆಯ. ಆರು ವರ್ಷದಿಂದ ಮನಸ್ಸು ಮಾತ್ರ ಗೆಳೆತನದ ಗೆರೆ ದಾಟಿ ಎಲ್ಲೋ ಹೋಗಿತ್ತು. ಅವತ್ತು ಅವಳು ಚಹಾ ಕೂಡ ಕುಡಿಯದೆ ಎದ್ದು ಬಂದಳು.

ವಾರ ಕಳೆಯುವುದರೊಳಗೆ ಅವನದೇ ಫೋನು.

"ರಾತ್ರಿ ಹೊರಗೆ ಫ್ಲ್ಯಾಶ್ ಹಾಕಿ ಫೋಟೋ ತೆಗೆಯುದು ಕಲಿಬೇಕು ಮಾರಾಯ್ತಿ. ನಿಮ್ಮ ರಬ್ಬರ್ ತೋಟಕ್ಕೆ ಬರ್ಲಾ? ನೀನು ನಿಂತ್ರೆ ಸಾಕು."

ಮೋಕ್ಷಿತಾ ಗಟ್ಟಿ ಮನಸ್ಸು ಮಾಡಿದಳು. ಇವತ್ತು ಕೇಳಿಯೇ ಬಿಡುವುದು. ಹೌದು, ತಂಗಿಯೇ ಎಂದನೋ, ಇನ್ನು ಆ ಸ್ಟುಡಿಯೋದ ಮೆಟ್ಟಿಲು ಹತ್ತುವುದಿಲ್ಲ. ಹದಿನೈದು ವರ್ಷದ ಗೆಳೆತನ ಹೋದರೆ ಹೋಗಲಿ. ಹಾಗೆಂದುಕೊಂಡಾಗಲೇ ಅವಳಿಗೆ ಅಳು ಬಂದಿತ್ತು ಎನ್ನುವುದು ಬೇರೆ ಮಾತು.

ಸಂಜೆ ಏಳಕ್ಕೆ ಕತ್ತಲಾಗಿತ್ತು. ಅಪ್ಪ ಅಚ್ಚುತ ಎದುರು ಗುಡ್ಡದ ಬೋಜಪ್ಪನ ಮನೆಗೆ ಹರಟೆಗೆ ಹೋಗಿದ್ದರು. ಅಮ್ಮ ಸೇವಂತಿ ಅಡುಗೆಮನೆಯಿಂದಲೇ ಕೂಗಿದರು. "ಎಂಟರೊಳಗೆ ಇಳಿದು ಬನ್ನಿ. ಭವಿತನಿಗೂ ಊಟ ಉಂಟು."

ಮನೆ ಹಿಂದಿನ ಗುಡ್ಡದಲ್ಲಿ ರಬ್ಬರ್ ಮರಗಳ ಸಾಲು. ಭವಿತ್ ಕ್ಯಾಮರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಫ್ಲ್ಯಾಶನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಶಟರ್ ಮೂವತ್ತು ಸೆಕೆಂಡ್ ತೆರೆದೇ ಇರ್ತದೆ. ಕತ್ತಲಲ್ಲಿ ಕ್ಯಾಮರಾಕ್ಕೆ ಎಂತದೂ ಕಾಣುದಿಲ್ಲ. ನಾನು ಫ್ಲ್ಯಾಶ್ ಹೊಡೆದಾಗ ಮಾತ್ರ ನೀನು ಕಾಣುದು. ಮೂರು ಮರದ ಹತ್ರ ನಿಲ್ಲು, ಮೂರು ಸಲ ಹೊಡಿತೇನೆ. ಒಂದೇ ಫೋಟೋದಲ್ಲಿ ಮೂರು ಮೋಕ್ಷಿತಾ!"

"ಒಬ್ಬಳನ್ನು ನೋಡ್ಲಿಕ್ಕೇ ನಿನಗೆ ಪುರುಸೊತ್ತಿಲ್ಲ. ಮೂವರನ್ನು ಎಂತ ಮಾಡ್ತಿ?"

ಅವನು ನಕ್ಕ. ಆ ನಗುವೊಂದು ಇಲ್ಲದಿದ್ದರೆ ಅವಳ ಬದುಕು ಎಷ್ಟು ಸಲೀಸಾಗಿರುತ್ತಿತ್ತು!

ಫ್ಲ್ಯಾಶ್ ಒಂದು. ಕತ್ತಲಲ್ಲಿ ತಡವುತ್ತ ಮುಂದಿನ ಮರಕ್ಕೆ. ಎರಡು. ಮತ್ತೆ ಓಟ. ಮೂರು. ಒಂದೊಂದು ಸಲವೂ ತೋಟವಿಡೀ ಬೆಳ್ಳಗಾಗಿ, ಮತ್ತೆ ಮೊದಲಿಗಿಂತ ದಟ್ಟ ಕತ್ತಲು.

ಇಬ್ಬರೂ ಪುಟ್ಟ ಸ್ಕ್ರೀನಿಗೆ ಬಗ್ಗಿದರು. ಭುಜಕ್ಕೆ ಭುಜ ತಾಗಿತು. ಅವನೂ ಸರಿಯಲಿಲ್ಲ, ಅವಳೂ ಸರಿಯಲಿಲ್ಲ.

"ಇವರಿಬ್ಬರು ಕ್ಯಾಮರಾ ನೋಡ್ತಿದ್ದಾರೆ. ಈ ಮೂರನೆಯವಳು ಯಾಕೆ ನನ್ನ ಕಡೆ ನೋಡುದು?"

"ಕಣ್ಣು ಕುಕ್ಕಿತು, ಅದಕ್ಕೆ."

"ಕಣ್ಣು ಕುಕ್ಕಿದ್ರೆ ಹಾಗೆ ನೋಡುದಾ?"

"ಸಾಕು, ಈಗ ನೀನು ನಿಲ್ಲು. ನಾನು ಹೊಡಿತೇನೆ." ಕೆನ್ನೆ ಕೆಂಪಾದದ್ದು ಕತ್ತಲಲ್ಲಿ ಕಾಣುವುದಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಶಟರ್ ತೆರೆಯಿತು. ಮೊದಲ ಮರದ ಹತ್ತಿರ ಒಂದು ಫ್ಲ್ಯಾಶ್. ಎರಡನೆಯದರ ಹತ್ತಿರ ಇನ್ನೊಂದು. ಮೂರನೆಯದಕ್ಕೆ ಅವಳು ಅವನ ಸಮೀಪಕ್ಕೇ ನಡೆದಳು. ಮುಖ ಕಾಣದಿದ್ದರೆ ಮಾತು ಸುಲಭ. ಫ್ಲ್ಯಾಶನ್ನು ಎತ್ತಿ ಹಿಡಿದಳು, ಒತ್ತಲಿಲ್ಲ.

"ಭವಿತ್, ನಾನು ನಿನಗೆ ತಂಗಿಯಾ?"

ಅವನ ಮುಖ ನೋಡಬೇಕು ಎಂದು ಅವಳ ಜೀವ ಒದ್ದಾಡಿತು.

"ಮೋಕ್ಷಿ, ಆ ದಿನ ನಾನು..."

ಢಂ!

ತೋಟದ ಕೆಳಗಿನಿಂದ ಎದ್ದ ಸದ್ದಿಗೆ ಗುಡ್ಡವೇ ಅದುರಿತು. ಮೋಕ್ಷಿತಾ ಕಿರುಚಿ ಅವನ ಎದೆಗೆ ಮುಖ ಹುದುಗಿಸಿದಳು. ಒಂದು ಕೈ ಅವನ ಶರ್ಟು ಹಿಡಿಯಿತು, ಎತ್ತಿದ್ದ ಇನ್ನೊಂದು ಕೈಯ ಬೆರಳು ತಾನಾಗಿ ಫ್ಲ್ಯಾಶ್ ಒತ್ತಿತು. ಬೆಳಕು ಬಂದು ಹೋಯಿತು. ಹಿಂದೆಯೇ ಶಟರ್ ಮುಚ್ಚಿದ ಸದ್ದು.

"ಆನೆ ಎಲ್ಲಿ? ಮೇಲೆ ಹೋಯ್ತಾ, ಕೆಳಗೆ ಹೋಯ್ತಾ?"

ಟಾರ್ಚುಗಳು, ಕೂಗು, ದಡಬಡ ಹೆಜ್ಜೆ. ಆಗ ಮೋಕ್ಷಿತಾಳ ತಲೆಗೆ ಹೊಳೆಯಿತು. ಆ ಎರಡು ಗುಡ್ಡಗಳ ನಡುವೆ ಫೋನು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಊರಿನವರು ಮಾಡಿಕೊಂಡ ಏರ್ಪಾಡೊಂದಿತ್ತು. ಆನೆ ನುಗ್ಗಿದ ತೋಟದವರು ಮೂರು ಸಲ ಬೆಳಕು ಹಾಯಿಸಬೇಕು, ನೋಡಿದವರು ಗರ್ನಾಲು ಪಟಾಕಿ ಸಿಡಿಸುತ್ತ ಓಡಿ ಬರಬೇಕು. ಏರ್ಪಾಡು ಮಾಡಿದ್ದು ಬೇರಾರೂ ಅಲ್ಲ, ಅವಳ ಅಪ್ಪ. ಚಿಕ್ಕಂದಿನಿಂದ ಇದನ್ನು ಕೇಳಿ ಬೆಳೆದ ಇಬ್ಬರೂ ಅಂದು ಅದನ್ನು ಪೂರ್ತಿ ಮರೆತಿದ್ದರು. ಪ್ರೀತಿ ಮಾಡುವವರ ತಲೆಯಲ್ಲಿ ಆನೆಗೆ ಜಾಗ ಎಲ್ಲಿ?

ಏಳು ಟಾರ್ಚುಗಳ ಬೆಳಕು ಒಟ್ಟಿಗೆ ಅವರ ಮೇಲೆ ಬಿತ್ತು. ಅವಳ ಕೈ ಇನ್ನೂ ಅವನ ಶರ್ಟಿನಲ್ಲೇ ಇತ್ತು. ಬಿಡಬೇಕು ಅಂತಲೂ ತೋಚಲಿಲ್ಲ. ಎದುರಿಗೆ ಅಪ್ಪ, ಬಾಯಿ ತೆರೆದುಕೊಂಡು.

ಗರ್ನಾಲಿನ ಚೀಲ ಹೊತ್ತಿದ್ದ ಬೋಜಪ್ಪನೇ ಮೊದಲು ಮಾತಾಡಿದ್ದು. "ಎಂತ ಮಾರಾಯ್ರೆ, ಆನೆ ಉಂಟಾ ಇಲ್ವಾ?"

"ಇಲ್ಲ ಬೋಜಪ್ಪಣ್ಣ. ಫೋಟೋ ತೆಗೀತಾ ಇದ್ದೆವು," ಎಂದ ಭವಿತ್.

"ಕತ್ತಲಲ್ಲಿ ನಿಮಗೆ ಕಂಡಿರ್ಲಿಕ್ಕಿಲ್ಲ. ಫೋಟೋಕ್ಕೆ ಬಿದ್ದಿರ್ಬಹುದು, ನೋಡುವ." ಬೋಜಪ್ಪ ನೇರ ಹೋಗಿ ಸ್ಕ್ರೀನಿಗೆ ಬಗ್ಗಿದ. ಬಗ್ಗಿದವನು ಹಾಗೆಯೇ ಉಳಿದ. "ಅಚ್ಚುತಣ್ಣ, ಇದೊಮ್ಮೆ ನೋಡಿ."

ಎಲ್ಲರೂ ನೋಡಿದರು. ಮೋಕ್ಷಿತಾಳೂ ನೋಡಿದಳು.

ಫೋಟೋದಲ್ಲಿ ಮೂರು ಭವಿತ್. ಒಬ್ಬ ಕೈಕಟ್ಟಿ ನಿಂತಿದ್ದ. ಒಬ್ಬ ಮರಕ್ಕೆ ಒರಗಿದ್ದ. ಮೂರನೆಯವನ ಎದೆಯಲ್ಲಿ ಅವಳ ಮುಖ. ಗುಡ್ಡ ಅದುರಿದರೂ ಅವನು ಬೆಚ್ಚಿರಲಿಲ್ಲ. ಎರಡೂ ಕೈಯಲ್ಲಿ ಅವಳನ್ನು ಬಳಸಿ, ಅವಳ ಕೂದಲಿಗೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿಕೊಂಡಿದ್ದ. ಯಾವ ಅಣ್ಣನೂ ಹಾಗೆ ನಿಲ್ಲುವುದಿಲ್ಲ. ಕತ್ತಲಲ್ಲಿ ಅವಳಿಗೆ ಕಾಣದೇ ಹೋದ ಮುಖ ಈಗ ಊರಿಗೇ ಕಾಣುತ್ತಿತ್ತು.

ಅಚ್ಚುತರ ದನಿ ಗಡುಸಾಗಿತ್ತು. "ಅದನ್ನು ಅಳಿಸು."

ಭವಿತ್ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟ. ಹಿರಿಯರಿಗೆ ಒಂದು ದಿನವೂ ಎದುರಾಡಿದವನಲ್ಲ. ಈಗ ಅಳಿಸಿಬಿಟ್ಟರೆ ಎಲ್ಲ ಮುಗಿಯಿತು ಎಂದು ಮೋಕ್ಷಿತಾ ಕಣ್ಣು ಮುಚ್ಚಿದಳು.

"ಅಳಿಸುದಿಲ್ಲ, ಮಾವ."

ಚಿಕ್ಕಂದಿನಿಂದ ಅವತ್ತಿನವರೆಗೂ ಅವನು ಅವರನ್ನು ಕರೆಯುತ್ತಿದ್ದದ್ದು ಅಚ್ಚುತಣ್ಣ ಎಂದು.

"ಮಾವನಾ?" ಬೋಜಪ್ಪ ಗರ್ನಾಲಿನ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

ಭವಿತ್ ಅವಳ ಕಡೆ ತಿರುಗಿದ. "ಆ ಐವರ್ನಾಡಿನ ಹೆಂಗಸು ಊರಿಡೀ ಸುದ್ದಿ ಹೇಳಿಕೊಂಡು ಹೋಗುವವಳು. ನಿನ್ನ ಹೆಸರು ಅವಳ ಬಾಯಿಗೆ ಬೀಳ್ಬಾರ್ದು ಅಂತ ತಂಗಿ ಅಂದದ್ದು. ಅದೊಂದು ಮಾತು ಹೇಳಿ ನನಗೂ ಒಂದು ವಾರ ಊಟ ಸೇರ್ಲಿಲ್ಲ ಮೋಕ್ಷಿ."

"ಈಗ ಏಳು ಜನರ ಬಾಯಿಗೆ ಬಿತ್ತಲ್ಲ, ದಡ್ಡ!" ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. "ಅಳಿಸುದು ಬೇಡ ಅಪ್ಪ. ನನಗೆ ಇವನು ಬೇಕು."

"ಬಳಿ ಬೇರೆ ಬೇರೆಯೇ ಅಲ್ವಾ ಇವರದ್ದು?" ಬೋಜಪ್ಪ ಬೆರಳು ಮಡಚಿ ಇಬ್ಬರ ಬಳಿಯನ್ನು, ಎಂದರೆ ಕುಲವನ್ನು, ಲೆಕ್ಕ ಹಾಕಿದ. "ಹೌದು, ಬೇರೆಯೇ. ಹಾಗಾದ್ರೆ ಮದುವೆಗೆ ಅಡ್ಡಿ ಇಲ್ಲ."

ಅಚ್ಚುತ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮಗಳನ್ನು ನೋಡಿದರು. ಮತ್ತೆ ಸ್ಕ್ರೀನಿಗೆ ಬಗ್ಗಿ, ಕನ್ನಡಕ ಮೇಲೇರಿಸಿ, ಬಹಳ ಹೊತ್ತು ಆ ಫೋಟೋವನ್ನೇ ನೋಡಿದರು. ಮೋಕ್ಷಿತಾಳ ಬೆರಳುಗಳು ಭವಿತನ ಬೆರಳುಗಳನ್ನು ಹುಡುಕಿ ಹಿಡಿದವು.

"ನನಗೊಂದು ಕಳಿಸು," ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ. "ಇವಳ ಅಮ್ಮ ಎರಡು ವರ್ಷದಿಂದ ಹೇಳ್ತಾ ಇದ್ದಳು. ನಾನು ನಂಬಿರ್ಲಿಲ್ಲ."