ಇಂಟರ್ವಲ್ ನಂತರದ ಬಾಗಿಲು

೨೦೫೮ರ ಬೇಸಿಗೆಯ ಆರಂಭ. ಹುಬ್ಬಳ್ಳಿಯ ಚಿತ್ರಮಂದಿರವೊಂದರಲ್ಲಿ ಮಧ್ಯಾಹ್ನದ ಆಟ ನಡೆದಿತ್ತು. ಪರದೆಯ ಮೇಲಿನ ಬಾವಿಯಿಂದ ಕೈಯೊಂದು ಮೇಲೆದ್ದಾಗ ಜನರೆಲ್ಲ ಒಮ್ಮೆಲೇ ಬೆಚ್ಚಿದರು, ಒಮ್ಮೆಲೇ ನಕ್ಕರು. ಪ್ರತಿ ಕುರ್ಚಿಯ ತೋಳಿನಲ್ಲಿ ಹುದುಗಿದ್ದ ಬೆಚ್ಚುಮಾಪಕ ಅವರ ನಾಡಿಯನ್ನೂ ಅಂಗೈ ಬೆವರನ್ನೂ ಅಳೆದುಕೊಂಡಿತು. ಅಂಜಿದಾಗ ಅಂಗೈ ಬೆವರುತ್ತದೆ, ಬೆವರಿದ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಯಂತ್ರದ ಗುಟ್ಟು ಇಷ್ಟೇ. ಜನ ಬೆವರಿದ ದೃಶ್ಯವನ್ನು ಅದು ಮುಂದಿನ ಆಟಕ್ಕೆ ತಾನೇ ಹಿಗ್ಗಿಸುತ್ತಿತ್ತು. ಬೆವರದ ದೃಶ್ಯಕ್ಕೆ ಮುಲಾಜಿಲ್ಲದೆ ಕತ್ತರಿ ಹಾಕುತ್ತಿತ್ತು.

ಕೊನೆಯ ಸಾಲಿನಲ್ಲಿ ಶಾಂಭವಿ ಯಲಿಗಾರ ಕೂತಿದ್ದಳು. ಒಂದು ಕಾಲಕ್ಕೆ ದೆವ್ವದ ಸಿನಿಮಾ ತೆಗೆಯುವುದರಲ್ಲಿ ಅವಳದೇ ಹೆಸರು. ಈಗ ಸಿನಿಮಾ ತೆಗೆಯಲು ಯಂತ್ರವಿದ್ದುದರಿಂದ, ಅದು ತೆಗೆದದ್ದನ್ನು ನೋಡಿ ಒಪ್ಪಿಗೆ ಕೊಡುವ ಕೆಲಸವಷ್ಟೇ ಅವಳಿಗೆ ಉಳಿದಿತ್ತು. ದಿನಕ್ಕೆ ಹತ್ತಾರು ಸಾವು ನೋಡಿ ನೋಡಿ ಮನಸ್ಸು ಮರಗಟ್ಟಿತ್ತು. ಗಂಡ ವಿರೂಪಾಕ್ಷನ ಹೆಣ ಆಸ್ಪತ್ರೆಯಿಂದ ಮನೆಗೆ ಬಂದಾಗಲೂ ಅವಳ ಕಣ್ಣು ಒದ್ದೆಯಾಗಲಿಲ್ಲ. ಬಂಧುಗಳು ಕಲ್ಲುಮನಸ್ಸಿನವಳು ಎಂದರು. ಅದಾಗಿ ವರ್ಷವಾಗುತ್ತ ಬಂದಿತ್ತು. ಒಮ್ಮೆ ಅತ್ತುಬಿಟ್ಟರೆ ಸಾಕಪ್ಪಾ ಎಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆ ಇರಲಿಲ್ಲ.

ಇಂಟರ್ವಲ್ ಮುಗಿದು ಜನ ಬಂದು ಕೂತರು. ಪರದೆಯ ಮೇಲೆ ಒಂದು ಮನೆಯ ತೆರೆದ ಬಾಗಿಲು. ಹೆಂಗಸೊಬ್ಬಳು ತಟ್ಟೆಯಲ್ಲಿ ರೊಟ್ಟಿ ಇಟ್ಟುಕೊಂಡು ಗಂಡನ ದಾರಿ ಕಾಯುತ್ತಿದ್ದಾಳೆ. ಹಿಂದಿನ ವಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿದ್ದ ಈ ದೃಶ್ಯ ಇಂದು ಮುಗಿಯಲೇ ಇಲ್ಲ. ಸಂಗೀತವಿಲ್ಲ, ದೆವ್ವವಿಲ್ಲ. ಬೀದಿಯಲ್ಲಿ ಸೈಕಲ್ಲೊಂದು ಬಂದಂತಾಗಿ ಮುಂದೆ ಹೋಯಿತು. ರೊಟ್ಟಿ ತಟ್ಟೆಯಲ್ಲೇ ಒಣಗಿತು.

ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ. ವಿರೂಪಾಕ್ಷ ವರ್ಕ್‌ಶಾಪಿನಿಂದ ಬರುವುದು ತಡವಾದಾಗ ಶಾಂಭವಿಯೂ ಹೀಗೇ ಕೂತಿರುತ್ತಿದ್ದಳು. ಎಷ್ಟೋ ವರ್ಷಗಳ ನಂತರ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಇನ್ನೇನು ಅಳು ಬಂತು ಎನ್ನುವಾಗ ಕಿಟಕಿಯಿಂದ ದೆವ್ವ ನೆಗೆಯಿತು. ಜನ ನಕ್ಕರು. ಅಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಆಟ ಬಿಟ್ಟ ಮೇಲೆ, ಬೆಚ್ಚುಮಾಪಕವನ್ನು ಕಂಡುಹಿಡಿದ ವಿಜ್ಞಾನಿ ಮಹಾಂತೇಶ ಗುಡಗೇರಿ ಏದುಸಿರು ಬಿಡುತ್ತ ಅವಳ ಬಳಿ ಬಂದ.

“ಅಕ್ಕಾರ, ನನ್ನ ಮಾನ ಹೋತ್ರಿ. ಆ ಬಾಗಲಾ ಯಾಕ ಅಷ್ಟು ಉದ್ದ ಆತು ಅಂತ ಈಗ ಗೊತ್ತಾತು. ಇಂಟರ್ವಲ್‌ನ್ಯಾಗ ಮಂದಿ ಬಿಸಿ ಬಿಸಿ ಮಿರ್ಚಿ ಭಜಿ ತಿಂದು ಬರತಾರ. ಖಾರಕ್ಕ ಬೆವರತಾರ. ಮಷೀನು ಅದನ್ನ ಅಂಜಿಕಿ ಅಂತ ತಿಳಕೊಂಡೇತಿ!”

ಅವನು ಯಂತ್ರವನ್ನು ಪರೀಕ್ಷಿಸಿದ್ದೆಲ್ಲ ಪಾಪ್‌ಕಾರ್ನ್ ತಿನ್ನುವ ಊರುಗಳಲ್ಲಿ. ಹುಬ್ಬಳ್ಳಿಯವನಾಗಿಯೂ ಅವನಿಗೆ ಮಿರ್ಚಿಯ ನೆನಪಾಗಿರಲಿಲ್ಲ.

“ನಾನು ಮಿರ್ಚಿ ತಿಂದಿಲ್ಲ. ನನಗ ಅಂಜಿಕಿ ಆತಲ್ಲ?” ಎಂದಳು ಶಾಂಭವಿ.

“ನಿಮ್ಮ ಕುರ್ಚ್ಯಾಗ ಏನೂ ಬಂದಿಲ್ರಿ. ಮಿರ್ಚಿ ತಿನ್ನದವರ ಯಾರ ಕುರ್ಚ್ಯಾಗೂ ಬಂದಿಲ್ಲ. ಎಲ್ಲಾ ಸೊನ್ನಿ.”

“ಕುರ್ಚಿ ತೋಳಿನ ಮ್ಯಾಲೆ ಕೈ ಇದ್ದರ ಬರತೇತಿ. ನನ್ನ ಮಗ್ಗಲದಾಂವ ಹೆಂಡತಿ ಕೈ ಹಿಡಕೊಂಡು ಕುಂತಿದ್ದ. ಮುಂದಿನ ಹುಡಿಗಿ ಬಾಯಿ ಮುಚಕೊಂಡಿದ್ದಳು.”

“ನಿಮ್ಮ ಕೈ ಎಲ್ಲಿತ್ರಿ?”

“ಈ ಕಡೆ ಬಾಜೂಕಿನ ಖಾಲಿ ಕುರ್ಚಿ ಮ್ಯಾಲೆ ಇತ್ತು. ಅವರು ಇದ್ದಾಗ ಅಲ್ಲೇ ಕೂಡತಿದ್ದರು.”

ಮಹಾಂತೇಶ ಆ ಖಾಲಿ ಕುರ್ಚಿಯತ್ತ ನೋಡಿದ. “ಆದರೂ ತಿದ್ದಲೇಬೇಕ್ರಿ. ಸಂಜೀ ಆಟದಾಗ ಆ ಬಾಗಲಾ ಇರಂಗಿಲ್ಲ” ಎಂದ.

“ತಿದ್ದೂಕಿಂತ ಮೊದಲ ನನಗ ಇನ್ನೊಮ್ಮೆ ತೋರಸ್ರಿ. ಆ ದೆವ್ವಾ ತಗದು. ನೀವೂ ಕೂಡ್ರಿ.”

“ಎಷ್ಟೊತ್ತು ಓಡಸಲಿ?”

“ಅಂವಾ ಬರೂತನಕ.”

ಖಾಲಿ ಸಭಾಂಗಣದಲ್ಲಿ ದೀಪ ಆರಿತು. ಇಬ್ಬರೂ ಅಕ್ಕಪಕ್ಕದಲ್ಲಿ ಕೂತರು. ಬಾಗಿಲು ತೆರೆದೇ ಇತ್ತು, ಹೆಂಗಸು ಕಾಯುತ್ತಲೇ ಇದ್ದಳು. ಮಹಾಂತೇಶ ಮೊದಮೊದಲು ಕಾಲು ಕುಣಿಸುತ್ತಿದ್ದ, ಆಮೇಲೆ ಅದನ್ನು ನಿಲ್ಲಿಸಿದ. ಪರದೆಯ ಹೆಂಗಸು ಎದ್ದು ಹೊಸ್ತಿಲವರೆಗೆ ಹೋಗಿ ಬೀದಿಯ ಎರಡೂ ಕಡೆ ನೋಡಿ, ಮತ್ತೆ ಬಂದು ಕೂತಳು. ಯಾರೂ ಬರಲಿಲ್ಲ. ಬರುವವನಲ್ಲ ಎಂಬುದು ಶಾಂಭವಿಗೆ ಆಗ ಹೊಳೆಯಿತು. ಮೊದಲು ಭುಜ ನಡುಗಿತು, ಆಮೇಲೆ ಅಳು ಕಟ್ಟೆಯೊಡೆದು ಬಂತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅವಳನ್ನು ಸಮಾಧಾನ ಮಾಡಬೇಕಾದವನು ಜೇಬು ತಡಕಾಡುತ್ತಿದ್ದ. ಕತ್ತಲಲ್ಲಿ ಅವನ ಫೋನು ಬೆಳಗಿತು.

“ಏನಾತ್ರಿ?” ಎಂದಳು, ಮೂಗೊರೆಸಿಕೊಳ್ಳುತ್ತ.

“ಏನಿಲ್ರಿ ಅಕ್ಕಾರ. ಮಗಳು ಸಾಲಿಯಿಂದ ಬಂದಳೋ ಇಲ್ಲೋ… ಸುಮ್ನ ಕೇಳೂಣು ಅಂತ.” ಅವನ ದನಿ ಸಣ್ಣದಾಗಿತ್ತು.

ಅತ್ತ ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ಅವನು ಮತ್ತೆ ಹಚ್ಚಿದ.

“ಎತ್ತತಾರ, ತಡೀರಿ” ಎಂದಳು ಶಾಂಭವಿ.

ರಿಂಗಾಗುತ್ತಲೇ ಇತ್ತು.